ನಿಮ್ಮ ರ‍್ಯಾಂಪ್ ಎಷ್ಟು ಎತ್ತರ?

ಕೋಣನಕುಂಟೆಯ ನಮ್ಮ ಮನೆ ಯಜಮಾನರಿಗೆ ತಂದೆ ತಾಯಿ ಇಟ್ಟ ಹೆಸರೊಂದು ಇತ್ತು. ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆ ಕರಾರಿನಲ್ಲಿ ಅದನ್ನು ಓದುತ್ತಿದ್ದೆ, ಸಹಿ ಹಾಕಿ ಮರೆಯುತ್ತಿದ್ದೆ. ಹಾಲಿನವರಿಗೆ, ಗ್ಯಾಸಿನವರಿಗೆ, ಮೂರು ಮಹಡಿಯ ಆರು ಬಾಡಿಗೆ ಸಂಸಾರಗಳಿಗೆ, ಕೊನೆಗೆ ಸ್ವಂತ ಅಳಿಯನಿಗೂ ಅವರು ಓನರ್ರು. ಕಳೆದ ತಿಂಗಳು ನಮ್ಮ ರಸ್ತೆಯ ತುದಿಯಲ್ಲಿ ಅವರ ಶ್ರದ್ಧಾಂಜಲಿ ಬ್ಯಾನರು ಕಟ್ಟಿದರು. ದೊಡ್ಡ ಅಕ್ಷರದಲ್ಲಿ ಹೆಸರು, ಮೇಲೆ ನಗುಮುಖದ ಫೋಟೊ. ಎದುರು ಅಂಗಡಿಯವರು ಅದನ್ನು ಎರಡು ಸಲ ಓದಿ, "ಯಾರು ಸಾರ್ ಇವ್ರು, ನಮ್ಮ ಓನರ್ ಥರಾನೇ ಅವ್ರಲ್ಲ" ಎಂದು ನನ್ನನ್ನೇ ಕೇಳಿದರು.

ಅವರನ್ನು ನೆನೆದರೆ ನನ್ನ ಕಣ್ಣಿಗೆ ಮೊದಲು ಬರುವುದು ಗೇಟಿನ ಬಳಿ ಓರೆಯಾಗಿ ಎತ್ತಿದ ಒಂದು ಅಂಗೈ. ಮನೆ ಕಟ್ಟಿದಾಗ ಅದು ರಸ್ತೆಗಿಂತ ಮೂರು ಮೆಟ್ಟಿಲು ಮೇಲಿತ್ತಂತೆ. ಆಮೇಲೆ ಚುನಾವಣೆ ಬಂದಾಗಲೆಲ್ಲ ರಸ್ತೆಗೆ ಡಾಂಬರು ಬಿತ್ತು. ಹಳೆಯದನ್ನು ಕೆರೆದು ಹಾಕುವ ಪದ್ಧತಿ ನಮ್ಮಲ್ಲಿ ಇಲ್ಲವಲ್ಲ, ಹಳೆಯದರ ಮೇಲೆಯೇ ಹೊಸದು. ರಸ್ತೆ ಮೇಲೇರಿತು, ಮನೆ ಇದ್ದಲ್ಲೇ ಇತ್ತು. ನಾನು ಬಾಡಿಗೆಗೆ ಬರುವ ಹೊತ್ತಿಗೆ ರಸ್ತೆಯಿಂದ ಎರಡು ಮೆಟ್ಟಿಲು ಇಳಿದು ಮನೆಯೊಳಗೆ ಹೋಗಬೇಕಿತ್ತು. ಮಳೆನೀರು ನುಗ್ಗದ ಹಾಗೆ ಓನರ್ರು ಗೇಟಿನ ಬಾಯಿಗೆ ಸಿಮೆಂಟಿನ ಒಂದು ದಿಬ್ಬ ಕಟ್ಟಿಸಿದ್ದರು. ಅದೇ ರ‍್ಯಾಂಪ್. ಬೆಂಗಳೂರಿನಲ್ಲಿ ಮನೆಯಿರುವ ಯಾರನ್ನು ಕೇಳಿದರೂ ಈ ಪದದ ಅರ್ಥ ಹೇಳುತ್ತಾರೆ. ಪ್ರತಿ ಸಲ ಡಾಂಬರು ಬಿದ್ದ ಮರುವಾರ ಓನರ್ರು ಗಾರೆಯವರನ್ನು ಕರೆಸಿ ಅದನ್ನು ಒಂದು ಗೇಣು ಎತ್ತರಿಸುತ್ತಿದ್ದರು. ದಿಬ್ಬ ಎಷ್ಟು ಕಡಿದಾಯಿತೆಂದರೆ ಸ್ಕೂಟರಿನ ತಳ ತಾಗಿ ಕರ್ ಎಂದು ಸದ್ದು ಬರುತ್ತಿತ್ತು. ಆ ಸದ್ದು ಕೇಳಿದ್ದೇ ಓನರ್ರು ಬನಿಯನ್ ಟವೆಲಿನಲ್ಲೇ ಹೊರಗೆ ಬಂದು ಅಂಗೈ ಓರೆ ಮಾಡಿ, "ಕ್ರಾಸಾಗಿ, ಕ್ರಾಸಾಗಿ" ಎನ್ನುತ್ತಿದ್ದರು. ನೇರ ಹತ್ತಬೇಡಿ, ಓರೆಯಾಗಿ ಬನ್ನಿ ಎಂದು ಅದರ ಅರ್ಥ. ಬೀರು ತಂದವರಿಗೂ ಹಾಗೇ, ಗಣಪತಿ ಹೊತ್ತು ತಂದವರಿಗೂ ಹಾಗೇ.

ಈ ವಿಷಯದಲ್ಲಿ ಅವರಿಗೊಂದು ತತ್ತ್ವಜ್ಞಾನವೇ ಇತ್ತು. "ಮಳೆಗೆ ಮುಂಚೆ ರ‍್ಯಾಂಪ್ ಎತ್ತೋರು, ಮಳೆ ಬಂದ್ಮೇಲೆ ಬಕೆಟ್ ಎತ್ತೋರು. ಪ್ರಪಂಚದಾಗೆ ಎರಡೇ ಜಾತಿ ಸಾರ್" ಎನ್ನುತ್ತಿದ್ದರು. ನಾನು ಯಾವ ಜಾತಿ ಎಂದು ಅವರು ಹೇಳಲಿಲ್ಲ. ನನ್ನ ಮನೆಯಲ್ಲಿ ಬಕೆಟ್ ಬಹಳ ಇದ್ದವು.

ಈಗ ನನ್ನ ಪಾಪದ ಕಥೆಗೆ ಬರುತ್ತೇನೆ. ಆಗ ನಾನು ಒಂದು ದಿನಪತ್ರಿಕೆಯ ವಾಣಿಜ್ಯ ಪುಟದಲ್ಲಿ ಉಪಸಂಪಾದಕ. ಷೇರುಪೇಟೆಯ ಬಗ್ಗೆ ದಿನವೂ ಬರೆದವನು, ಆದರೆ ಜನ್ಮದಲ್ಲಿ ಒಂದು ಷೇರು ಕೊಂಡವನಲ್ಲ. ಒಂದು ಸಂಜೆ ಸುದ್ದಿಸಂಸ್ಥೆಯಿಂದ ಇಂಗ್ಲಿಷ್ ವರದಿಯೊಂದು ಬಂತು. ಒಂದು ಚಿಪ್ ಕಂಪನಿ ತನ್ನ ಮೈಕ್ರೊಪ್ರೊಸೆಸರ್ ಉತ್ಪಾದನೆಯನ್ನು ಭಾರೀ ಪ್ರಮಾಣದಲ್ಲಿ ಹೆಚ್ಚಿಸಲಿದೆ, ಅದಕ್ಕಾಗಿ ಹೊಸ ಕಾರ್ಖಾನೆ ಕಟ್ಟುತ್ತಿದೆ, ಹೂಡಿಕೆದಾರರಿಗೆ ಒಳ್ಳೆಯ ಭವಿಷ್ಯವಿದೆ ಎಂದು ವಿಶ್ಲೇಷಕರು ಹೇಳಿದ್ದಾರೆ, ಇತ್ಯಾದಿ. ಉತ್ಪಾದನೆ ಹೆಚ್ಚಿಸುವುದಕ್ಕೆ ಇಂಗ್ಲಿಷಿನವರು ರ‍್ಯಾಂಪ್ ಅಪ್ ಎನ್ನುತ್ತಾರೆ. ‘ಹೆಚ್ಚಳ’ ಎಂಬ ಚಿನ್ನದಂಥ ಪದ ನನ್ನ ಕೈಯಲ್ಲೇ ಇತ್ತು. ಆದರೆ ಪಕ್ಕದ ಸುದ್ದಿಯ ತಲೆಬರಹದಲ್ಲೂ ‘ಹೆಚ್ಚಳ’ ಬಂದಿತ್ತು, ಪುಟ ಬಿಡುವ ಹೊತ್ತಾಗಿತ್ತು, ನನಗೆ ಮನೆಗೆ ಹೋಗಬೇಕಿತ್ತು. ‘ಚಿಪ್ ಕಂಪನಿಯಿಂದ ಭಾರೀ ರ‍್ಯಾಂಪ್ ಅಪ್’ ಎಂದು ಕುಟ್ಟಿ ಎದ್ದೆ. ಇಪ್ಪತ್ತಾರು ವರ್ಷದ ಕೆಲಸದಲ್ಲಿ ಜನರ ಮನಸ್ಸಿಗೆ ನಾಟಿದ ಒಂದೇ ತಲೆಬರಹ ಅದು, ಅದೂ ಒಬ್ಬರ ಮನಸ್ಸಿಗೆ.

ಮಾರನೆಯ ಬೆಳಿಗ್ಗೆ ಓನರ್ರು ಪತ್ರಿಕೆ ಹಿಡಿದು ರ‍್ಯಾಂಪಿನ ನೆತ್ತಿಯ ಮೇಲೆ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಅಷ್ಟು ಗೌರವ ನನಗೆ ಅವರಿಂದ ಎಂದೂ ಸಿಕ್ಕಿರಲಿಲ್ಲ.

"ಭಾರೀ ರ‍್ಯಾಂಪ್ ಎತ್ತುತಾವ್ರೆ ಸಾರ್ ಈ ಕಂಪನಿಯೋರು. ಇನ್ನೂ ಫ್ಯಾಕ್ಟ್ರಿ ಕಟ್ಟಿಲ್ಲ, ಆಗ್ಲೇ ರ‍್ಯಾಂಪು. ಇಂಥೋರ ಕೈಗೆ ದುಡ್ಡು ಕೊಟ್ರೆ ನೀರ್ ಪಾಲಾಗಲ್ಲ" ಎಂದರು.

ಆಗಲೇ ಹೇಳಬೇಕಿತ್ತು. ಸಾರ್, ಆ ರ‍್ಯಾಂಪ್ ಈ ರ‍್ಯಾಂಪ್ ಅಲ್ಲ, ಅಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ನನಗೆ ಒಳಗೊಳಗೇ ನಗು ಬಂತು. ಸಂಜೆ ಆಫೀಸಿನಲ್ಲಿ ಹೇಳಿ ನಗಿಸಬಹುದು ಎಂಬ ಆಸೆಯೂ ಬಂತು. ಸುಮ್ಮನೆ ತಲೆಯಾಡಿಸಿ ಬಸ್ಸು ಹಿಡಿದೆ. ಆ ತಲೆಯಾಡಿಸಿದ್ದಕ್ಕೆ ಇವತ್ತಿಗೂ ನನ್ನ ತಲೆಯನ್ನು ನಾನೇ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಆ ವಾರದಲ್ಲೇ ಮೇಲಿನ ಮಹಡಿಯಲ್ಲಿದ್ದ ಮಗಳ ಫೋನಿನಿಂದ ಹತ್ತು ಷೇರು ಕೊಂಡರು. ಷೇರುದಾರ ಎಂದರೆ ಕಂಪನಿಗೆ ಮಾಲೀಕ ಎಂದು ಮಗಳು ಹೇಳಿದ್ದೇ ತಡ, ಅವರಿಗೆ ಜವಾಬ್ದಾರಿ ಬಂದುಬಿಟ್ಟಿತು. ಮನೆಗೆ ಓನರ್ ಆಗಿದ್ದವರು ಕಂಪನಿಗೂ ಓನರ್ ಆದರು. ‘ನಮ್ಮ ಕಂಪನಿ’ ಎಂದೇ ಮಾತು. ಕಂಪನಿಯ ಹಣಕಾಸಿನ ಮುಖ್ಯಸ್ಥ ಬಿಟ್ಟುಹೋದ ಸುದ್ದಿ ಬಂದಾಗ, ಅವನು ಒಂದು ತಿಂಗಳ ನೋಟಿಸ್ ಕೊಟ್ಟನೋ ಇಲ್ಲವೋ, ಗೋಡೆಗೆ ಮೊಳೆ ಹೊಡೆದಿದ್ದನೋ ಏನೋ ಎಂದು ವಿಚಾರಿಸಿದರು. ಮೈಕ್ರೊಪ್ರೊಸೆಸರ್ ಎಂದರೇನೆಂದು ತಿಳಿಯಲು ಸಂಪಿನ ಮೋಟಾರಿನ ಸುಟ್ಟುಹೋದ ಆಟೊಮ್ಯಾಟಿಕ್ ಪೆಟ್ಟಿಗೆಯನ್ನು ಬಿಚ್ಚಿದರು. ಒಳಗಿನ ಹಸಿರು ಹಲಗೆಯ ಮೇಲೆ ಎಂಟು ಕಾಲಿನ ಕಪ್ಪು ಚಿಪ್ಪೊಂದು ಕೂತಿತ್ತು. ಬಾಡಿಗೆಯವರನ್ನೆಲ್ಲ ಕರೆದು ತೋರಿಸಿದರು. ಹಲಗೆ ಬಿಲ್ಡಿಂಗು, ಚಿಪ್ಪು ಬಾಡಿಗೆಯವನು, ಕರೆಂಟು ಬಾಡಿಗೆ, ಟ್ಯಾಂಕು ತುಂಬಿದಾಗ ಮೋಟಾರು ನಿಲ್ಲಿಸುವುದು ಅವನ ಡ್ಯೂಟಿ, ಇವನು ನಿದ್ದೆ ಹೊಡೆದಿದ್ದಕ್ಕೇ ಹೋದ ವಾರ ಟೆರೇಸಿನಿಂದ ನೀರು ಸುರಿದಿದ್ದು. ಇಂಥ ಬಾಡಿಗೆಯವರನ್ನು ನಮ್ಮ ಕಂಪನಿ ಲಕ್ಷಗಟ್ಟಲೆ ತಯಾರು ಮಾಡುತ್ತದೆ ಎಂದು ಮುಗಿಸಿದರು. ನಿಜ ಹೇಳಬೇಕೆಂದರೆ, ನಮ್ಮ ಪುಟದಲ್ಲಿ ಅದಕ್ಕಿಂತ ಒಳ್ಳೆಯ ವಿವರಣೆ ಎಂದೂ ಬಂದಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದು ಬರೀ ತಮಾಷೆ. ಎರಡು ತಿಂಗಳ ಬಳಿಕ ಒಂದು ಭಾನುವಾರ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ವಸಂತಪುರಕ್ಕೆ ಕರೆದೊಯ್ದರು. ಅವರ ತಂದೆ ಉಳುತ್ತಿದ್ದ ಹೊಲವೆಲ್ಲ ಲೇಔಟಾಗಿ ಕೊನೆಗೆ ಉಳಿದಿದ್ದ ಒಂದೇ ಒಂದು ಮೂವತ್ತು ನಲವತ್ತರ ಸೈಟು ಅಲ್ಲಿತ್ತು. ಸುತ್ತ ನಾಲ್ಕು ಮಹಡಿಯ ಮನೆಗಳು, ನಡುವೆ ಒಂದು ಹೊಂಗೆ ಮರ, ಮೂಲೆಯಲ್ಲಿ ಸುಣ್ಣ ಬಳಿದ ಪುಟ್ಟ ಸಮಾಧಿ. ಅವರ ತಾಯಿಯನ್ನು ಅಲ್ಲೇ ಮಣ್ಣು ಮಾಡಿದ್ದರು. ದಿನವೂ ಬೆಳಿಗ್ಗೆ ಅವರು ಕ್ಯಾನಿನಲ್ಲಿ ನೀರು ಒಯ್ಯುತ್ತಿದ್ದದ್ದು ಮರಕ್ಕೆ ಎಂದೇ ನಾನು ತಿಳಿದಿದ್ದೆ.

"ಅವ್ವಾ, ಪೇಪರ್ ಸಾರ್ ಬಂದವ್ರೆ" ಎಂದರು ಸಮಾಧಿಯ ಕಡೆ ತಿರುಗಿ. ಆಮೇಲೆ ನನಗೆ ಮೆಲ್ಲಗೆ, "ಇದನ್ನ ಮಾರಿ ಎಲ್ಲಾ ನಮ್ಮ ಕಂಪನಿಗೇ ಹಾಕ್ತೀನಿ ಸಾರ್. ಸೈಟು ನೂರು ವರ್ಷ ಆದ್ರೂ ಮೂವತ್ತು ನಲವತ್ತೇ. ಕಂಪನಿ ಬೆಳೀತದೆ" ಎಂದರು.

ಕೊಳ್ಳುವವರು ಸಿಕ್ಕಿದ್ದರು, ಬ್ರೋಕರು ಒಂದೇ ಷರತ್ತು ಹಾಕಿದ್ದ. ಸಮಾಧಿ ತೆಗೆಯಬೇಕು. ಓನರ್ರು ಅದಕ್ಕೂ ದಾರಿ ಯೋಚಿಸಿದ್ದರು. ತಾಯಿಯ ಮಣ್ಣನ್ನು ಒಂದು ಕುಂಡಕ್ಕೆ ತುಂಬಿ ಟೆರೇಸಿನ ತುಳಸಿಯ ಪಕ್ಕ ಇಡುವುದು, ಅಲ್ಲಿಂದ ರ‍್ಯಾಂಪೂ ಕಾಣುತ್ತದೆ. ಇದನ್ನು ಹೇಳುವಾಗ ಅವರ ದನಿ ಒಡೆಯಿತು. ನಾನು ಬೇಗ ಮನೆಗೆ ಹೋಗಲು ಕುಟ್ಟಿದ ಒಂದು ಪದಕ್ಕಾಗಿ ಈ ಮನುಷ್ಯ ತಾಯಿಯನ್ನು ಅಗೆದು ಕುಂಡಕ್ಕೆ ತುಂಬಲು ಹೊರಟಿದ್ದಾನೆ.

ಸಮಾಧಿಯ ಮುಂದೆಯೇ ಬಾಯಿ ತೆರೆದೆ. "ಓನರ್ರೇ, ಆ ರ‍್ಯಾಂಪ್ ಅಂತ ಪೇಪರಲ್ಲಿ ಬಂದಿತ್ತಲ್ಲ" ಎಂದೆ.

"ಅದಕ್ಕೇ ನಂಬಿದ್ದು ಸಾರ್. ನಮ್ಮನೇಲಿ ಹನ್ನೆರಡು ವರ್ಷದಿಂದ ಇರೋರು ಬರೆದವ್ರೆ. ಬೇರೆ ಯಾರಾದ್ರೂ ಬರೆದಿದ್ರೆ ನಂಬ್ತಿರ್ಲಿಲ್ಲ" ಎಂದರು.

ನನ್ನ ಬಾಯಿ ಮುಚ್ಚಿತು. ಹೇಡಿ ಎನ್ನಿ, ನಾನು ಒಪ್ಪುತ್ತೇನೆ.

ಬಾಯಿಂದ ಆಗದ್ದನ್ನು ಪತ್ರಿಕೆಯಿಂದ ಮಾಡಲು ನೋಡಿದೆ. ಅದೇ ಕಂಪನಿಯ ಮುಂದಿನ ಸುದ್ದಿ ಬಂದಾಗ ‘ಚಿಪ್ ಕಂಪನಿ: ಉತ್ಪಾದನೆಯಲ್ಲಿ ಹೆಚ್ಚಳ’ ಎಂದು ಶುದ್ಧ ಕನ್ನಡದಲ್ಲಿ, ನಾಲ್ಕು ಕಾಲಂ ಅಗಲಕ್ಕೆ ಹಾಕಿದೆ. ಓನರ್ರು ಅದನ್ನು ಕತ್ತರಿಸಿ ಹಳೆಯದರ ಪಕ್ಕ ಅಂಟಿಸಿಕೊಂಡರು. ಮೊದಲು ರ‍್ಯಾಂಪ್ ಎತ್ತರಿಸಿದರು, ಅದಕ್ಕೇ ಈಗ ಉತ್ಪಾದನೆ ಹೆಚ್ಚಾಯಿತು ಎಂದು ಇಡೀ ಬಿಲ್ಡಿಂಗಿಗೆ ವಿವರಿಸಿದರು.

ಅಷ್ಟರಲ್ಲಿ ಕಂಪನಿಯ ವಾರ್ಷಿಕ ಸಭೆಯ ಕರೆ ಬಂತು. ಈಗ ಇಂಥ ಸಭೆಗಳು ಫೋನಿನಲ್ಲೇ ನಡೆಯುತ್ತವೆ, ಮೊದಲೇ ಹೆಸರು ಕೊಟ್ಟರೆ ಹತ್ತು ಷೇರಿನವರಿಗೂ ಎರಡು ನಿಮಿಷ ಮಾತಾಡಲು ಬಿಡುತ್ತಾರೆ. ಮಗಳು ಹೆಸರು ಕೊಟ್ಟಳು. ಬಾಡಿಗೆಗೆ ಬರುವವರನ್ನು ಎದುರಿಗೆ ಕೂರಿಸಿ ಮಾತಾಡದೆ ತಾನು ಒಬ್ಬರಿಗೂ ಮನೆ ಕೊಟ್ಟಿಲ್ಲ, ಕಂಪನಿಯವರ ಬಾಯಲ್ಲೂ ಕೇಳಿಯೇ ಸೈಟಿನ ಅಡ್ವಾನ್ಸ್ ಮುಟ್ಟುವುದು ಎಂದರು ಓನರ್ರು. ಬ್ರೋಕರಿಗೆ ಅದೇ ಸಂಜೆ ನಾಲ್ಕಕ್ಕೆ ಬರಲು ಹೇಳಿದ್ದರು. ಅವರು ಕನ್ನಡದಲ್ಲಿ ಕೇಳುವುದು, ನಾನು ಪಕ್ಕದಲ್ಲಿ ಕೂತು ಇಂಗ್ಲಿಷಿನಲ್ಲಿ ಹೇಳುವುದು ಎಂದಾಯಿತು.

ಆ ದಿನ ಓನರ್ರು ರೇಷ್ಮೆ ಪಂಚೆ ಉಟ್ಟು, ಬಿಳಿ ಶರ್ಟು ಹಾಕಿ, ಫೋನನ್ನು ಸ್ಟೀಲ್ ಡಬ್ಬಕ್ಕೆ ಒರಗಿಸಿ, ಅದಕ್ಕೊಂದು ಊದುಬತ್ತಿ ಬೆಳಗಿ ಕೂತರು. ನಮಗಿಂತ ಮುಂಚೆ ಮಾತಾಡಿದವರಲ್ಲಿ ಒಬ್ಬರು ಅಧ್ಯಕ್ಷರ ಮೇಲೆ ತಾವೇ ಕಟ್ಟಿದ ಪದ್ಯ ಓದಿದರು. ಒಬ್ಬರು ಈ ಸಲ ಸ್ವೀಟ್ ಬಾಕ್ಸು ಬರಲಿಲ್ಲ ಎಂದು ದುಃಖಪಟ್ಟರು. ಕಾರ್ಖಾನೆ ನೋಡಲು ಬಸ್ಸು ಮಾಡಿಸಿ ಎಂದು ಮೂವರು ಕೇಳಿದರು. ಆಮೇಲೆ ನಮ್ಮ ಓನರ್ರ ಹೆಸರು ಕರೆದರು. ಅದು ತಮ್ಮದೇ ಎಂದು ಅವರಿಗೆ ತಕ್ಷಣ ಹೊಳೆಯಲಿಲ್ಲ, ಮಗಳು ಭುಜ ಮುಟ್ಟಬೇಕಾಯಿತು.

ಅವರು ಕೈಮುಗಿದು ಶುರು ಮಾಡಿದರು. "ನಮಸ್ಕಾರ. ನಾನೂ ಒಬ್ಬ ಓನರ್ರು. ಎರಡೇ ಪ್ರಶ್ನೆ. ನಿಮ್ಮ ರ‍್ಯಾಂಪ್ ಎಷ್ಟು ಎತ್ತರ? ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗ್ತದೆ?"

ಎಲ್ಲರೂ ನನ್ನ ಮುಖ ನೋಡಿದರು. ಸರಿಯಾಗಿ ಅನುವಾದಿಸಿದರೆ ಓನರ್ರು ಇಡೀ ದೇಶದ ಮುಂದೆ ನಗೆಪಾಟಲಾಗುತ್ತಾರೆ ಎಂದುಕೊಂಡೆ. ಬೇರೆ ದಾರಿಯೂ ಕಾಣಲಿಲ್ಲ. ಪದಕ್ಕೆ ಪದ ಹೇಳಿದೆ. ಪರದೆಯ ಆ ಬದಿಯಲ್ಲಿ ಅಧ್ಯಕ್ಷರು ಕನ್ನಡಕ ತೆಗೆದರು. ಬಹಳ ಆಳವಾದ ಪ್ರಶ್ನೆ, ದೊಡ್ಡ ದೊಡ್ಡ ಹೂಡಿಕೆದಾರರೂ ಇಷ್ಟು ನೇರವಾಗಿ ಕೇಳಿಲ್ಲ ಎಂದರು. ನಮ್ಮ ರ‍್ಯಾಂಪ್ ಕಡಿದಾಗಿದೆ, ಆದರೆ ಹತ್ತುತ್ತೇವೆಂಬ ವಿಶ್ವಾಸವಿದೆ ಎಂದರು. ಚಿಪ್ ತಯಾರಿಸಲು ತೊಳೆದದ್ದನ್ನೇ ತೊಳೆಯಬೇಕು, ಅದಕ್ಕೆ ವಿಪರೀತ ನೀರು ಬೇಕು, ಹೊಸ ಕಾರ್ಖಾನೆಯ ನೀರಿನ ಬಗ್ಗೆ ಸಂಬಂಧಪಟ್ಟವರ ಜೊತೆ ಮಾತುಕತೆ ನಡೆಯುತ್ತಿದೆ ಎಂದರು.

ಅವರು ಹೇಳಿದ್ದನ್ನು ಹೇಳಿದ ಹಾಗೆ ಕನ್ನಡಕ್ಕೆ ತಂದೆ. ಒಂದಕ್ಷರ ಸೇರಿಸಲಿಲ್ಲ, ಒಂದಕ್ಷರ ಬಿಡಲಿಲ್ಲ. ಅಷ್ಟು ನಿಯತ್ತಿನ ಅನುವಾದವನ್ನು ನಾನು ಸಂಬಳಕ್ಕೂ ಮಾಡಿದವನಲ್ಲ.

ಓನರ್ರು ಮೊದಲು ರ‍್ಯಾಂಪಿನ ಬಗ್ಗೆ ಕಳವಳಪಟ್ಟರು. "ಕಡಿದಾಗೈತಾ? ತಳ ತಾಗ್ತದೆ. ಕ್ರಾಸಾಗಿ ಹತ್ತಕ್ಕೆ ಹೇಳಿ ಸಾರ್" ಎಂದು ಅಂಗೈ ಓರೆ ಮಾಡಿ ಫೋನಿಗೆ ತೋರಿಸಿದರು. ನಾನು ಅದನ್ನೂ ಅನುವಾದಿಸಿದೆ. ಅಧ್ಯಕ್ಷರು ಪೆನ್ನು ತೆಗೆದು ಏನೋ ಬರೆದುಕೊಳ್ಳುತ್ತಿದ್ದಂತೆ ನಮ್ಮ ಎರಡು ನಿಮಿಷ ಮುಗಿದು ಮೈಕು ಬಂದಾಯಿತು.

ಆಮೇಲೆ ಓನರ್ರು ನೀರಿನ ಉತ್ತರವನ್ನು ನನ್ನಿಂದ ಇನ್ನೊಮ್ಮೆ ಹೇಳಿಸಿಕೊಂಡರು. ‘ಮಾತುಕತೆ’ ಎಂಬ ಪದವನ್ನು ಅವರು ಚೆನ್ನಾಗಿ ಬಲ್ಲವರು. ನಮ್ಮ ರಸ್ತೆಗೆ ಕಾವೇರಿ ನೀರಿನ ಪೈಪು ಹಾಕಿದಾಗ ಅವರ ಮಗಳು ಹೈಸ್ಕೂಲಿನಲ್ಲಿದ್ದಳಂತೆ. ನೀರು ಬಂದದ್ದು ಅವಳ ಮದುವೆಯಾದ ಮೇಲೆ. ನಡುವಿನ ವರ್ಷಗಳಲ್ಲಿ ಮಾತುಕತೆ ನಡೆಯುತ್ತಿತ್ತು, ಮನೆಗೆ ಟ್ಯಾಂಕರ್ ಬರುತ್ತಿತ್ತು. ನಾಲ್ಕು ಗಂಟೆಗೆ ಬ್ರೋಕರು ಬಂದ. ಅವನ ಸ್ಕೂಟರಿನ ತಳ ಕರ್ ಎಂದಿತು. ಓನರ್ರು ಹೊರಗೆ ಹೋಗಿ ಅವನಿಗೆ ಕಾಫಿ ಕೊಟ್ಟು, ನೀರಿಲ್ಲದ ಬಿಲ್ಡಿಂಗಿಗೆ ತಾನು ತಾಯಿಯನ್ನು ಬಿಟ್ಟುಕೊಡಲ್ಲ ಎಂದು ಹೇಳಿ ಕಳಿಸಿದರು. ಅವನಿಗೆ ಏನೂ ಅರ್ಥವಾದಂತೆ ಕಾಣಲಿಲ್ಲ. ನಾನು ಒಳಗೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ, ನಾಚಿಕೆಯೇನಿಲ್ಲ ಹೇಳಿಕೊಳ್ಳಲು.

ಆ ಕಂಪನಿ ಏನಾಯಿತು ಎಂದು ಕೇಳುವವರಿಗೆ: ಷೇರು ಮೊದಲು ಬಿತ್ತು, ಆಮೇಲೆ ಎದ್ದಿತು, ಈಗ ಎಲ್ಲಿದೆಯೋ ನೋಡಿಲ್ಲ. ಮರುವರ್ಷ ಅಧ್ಯಕ್ಷರ ಸಂದೇಶದ ಇಂಗ್ಲಿಷ್ ಪ್ರತಿ ನನ್ನ ಮೇಜಿಗೆ ಬಂತು. ಕಡಿದಾದ ರ‍್ಯಾಂಪನ್ನು ನೇರವಾಗಿ ಹತ್ತುವ ಬದಲು ಓರೆಯಾಗಿ ಹತ್ತುವುದೇ ಕಂಪನಿಯ ಹೊಸ ಕಾರ್ಯತಂತ್ರ ಎಂದು ಅದರಲ್ಲಿತ್ತು, ವಿಶ್ಲೇಷಕರು ಅದನ್ನು ಹೊಗಳಿದ್ದರು. ನಾನು ‘ಹಂತಹಂತವಾಗಿ ಹೆಚ್ಚಳ’ ಎಂದು ಹಾಕಿ ಕೈತೊಳೆದುಕೊಂಡೆ.

ಸಭೆಯ ನಂತರದ ದಿನಗಳಲ್ಲಿ ಓನರ್ರಿಗೆ ಒಂದು ಹೊಸ ಅಭ್ಯಾಸ ಬಂತು. ಬೆಳಿಗ್ಗೆ ಗೇಟಿನ ಹತ್ತಿರ ಸಿಕ್ಕರೆ ರ‍್ಯಾಂಪಿನ ಮಾತು ತೆಗೆಯುತ್ತಿದ್ದರು. ನಮ್ಮ ಕಂಪನಿಯ ರ‍್ಯಾಂಪು, ನಮ್ಮ ಮನೆಯ ರ‍್ಯಾಂಪು, ಪೇಪರಿನಲ್ಲಿ ಬಂದ ರ‍್ಯಾಂಪು ಎಂದು ಸುತ್ತಿ ಬಳಸಿ ಮಾತಾಡಿ, ಕೊನೆಗೆ ಟವೆಲಿನಿಂದ ಮುಖ ಒರೆಸಿಕೊಂಡು, "ಇನ್ನೇನಾದ್ರೂ ಐತಾ ಸಾರ್ ಹೇಳೋದು?" ಎನ್ನುತ್ತಿದ್ದರು. ಸೋರುವ ನಲ್ಲಿ, ಉಬ್ಬಿದ ಬಾಗಿಲು ಇವನ್ನು ಕೇಳುತ್ತಿದ್ದಾರೆ ಎಂದುಕೊಂಡು ಏನಿಲ್ಲ ಓನರ್ರೇ, ಎಲ್ಲಾ ಸರಿಯಾಗಿದೆ ಎನ್ನುತ್ತಿದ್ದೆ. ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿ, ಆಯ್ತು ಎಂದು ಕ್ಯಾನು ತೆಗೆದುಕೊಂಡು ವಸಂತಪುರಕ್ಕೆ ಹೊರಡುತ್ತಿದ್ದರು. ನಾನು ನಿವೃತ್ತನಾದ ಮೇಲೂ ಇದು ನಡೆಯಿತು.

ಕಳೆದ ತಿಂಗಳು ಒಂದು ಬೆಳಿಗ್ಗೆ ಕಾಫಿ ಕುಡಿದು ಕೂತವರು ಏಳಲಿಲ್ಲ. ಆಸ್ಪತ್ರೆಗೆ ಹೋಗುವಷ್ಟೂ ಹೊತ್ತು ಕೊಡಲಿಲ್ಲ. ಮಧ್ಯಾಹ್ನ ಚಟ್ಟವನ್ನು ಮನೆಯಿಂದ ಹೊರಗೆ ತರುವಾಗ ನಾಲ್ವರು ಹೊತ್ತವರು ರ‍್ಯಾಂಪಿನ ಬುಡದಲ್ಲಿ ನಿಂತುಬಿಟ್ಟರು. ನೇರ ಹತ್ತಿದರೆ ಮುಂದಿನವರು ಮೇಲೆ, ಹಿಂದಿನವರು ಕೆಳಗೆ, ಓನರ್ರು ಹಿಂದಕ್ಕೆ ಜಾರುತ್ತಾರೆ. ಯಾರು ಮೊದಲು ಹೇಳಿದರೋ ತಿಳಿಯದು. ಬಾಡಿಗೆಯವರು, ಹಾಲಿನವರು, ಗ್ಯಾಸಿನವರು ಎಲ್ಲರೂ ಅಂಗೈ ಓರೆ ಮಾಡಿಕೊಂಡು, "ಕ್ರಾಸಾಗಿ, ಕ್ರಾಸಾಗಿ" ಎನ್ನತೊಡಗಿದರು. ಅಳುತ್ತಿದ್ದವರೂ ಹೇಳಿದರು. ಓನರ್ರು ಓರೆಯಾಗಿ, ಎಲ್ಲೂ ತಾಗದೆ, ರಸ್ತೆಗೆ ಬಂದರು.

ವಸಂತಪುರದ ಸೈಟಿನಲ್ಲಿ ತಾಯಿಯ ಪಕ್ಕದಲ್ಲೇ ಮಣ್ಣು ಮಾಡಿದೆವು. ಅದಕ್ಕೆ ಯಾರನ್ನೆಲ್ಲ ಕಾಡಿ ಒಪ್ಪಿಸಿದರೋ, ಅದು ಅಳಿಯನಿಗೇ ಗೊತ್ತು. ಎಲ್ಲ ಮುಗಿದು ಹೊಂಗೆ ಮರದ ಕೆಳಗೆ ನಿಂತಿದ್ದಾಗ ಮಗಳು ನನ್ನ ಹತ್ತಿರ ಬಂದಳು. ಇನ್ನು ತಡೆಯಲಾಗಲಿಲ್ಲ. ಅವಳಿಗಾದರೂ ಹೇಳಿ ಹಗುರಾಗೋಣ ಎಂದು, ನೋಡಮ್ಮ, ಆ ರ‍್ಯಾಂಪ್ ಅನ್ನೋ ಪದ ನಾನು ಬರೆದದ್ದು ತಪ್ಪು, ನಿಮ್ಮ ತಂದೆ ಅದನ್ನು ಬೇರೆ ಥರ ತಿಳಿದರು, ನಾನು ಹೇಳಲೇ ಇಲ್ಲ ಎಂದು ತೊದಲಿದೆ.

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಅಪ್ಪಾಜಿಗೆ ಗೊತ್ತಿತ್ತು ಸಾರ್. ಮೀಟಿಂಗ್ ಆದ ಸಂಜೆನೇ ನನ್ನ ಕೇಳಿದ್ರು, ಇವರ ರ‍್ಯಾಂಪಿಗೆ ಸಿಮೆಂಟ್ ಹಾಕಿರ್ತಾರಾ ಅಂತ. ನಾನು ಅರ್ಥ ಹೇಳ್ದೆ. ಕೆಮ್ಮು ಬರೋವರೆಗೂ ನಕ್ರು. ಆಮೇಲೆ, ಪೇಪರ್ ಸಾರಿಗೆ ಗೊತ್ತಾಯ್ತು ಅನ್ಬೇಡ, ಬೇಜಾರ್ ಮಾಡ್ಕೋತಾರೆ, ಅವರಾಗೇ ಹೇಳ್ಲಿ, ನಾನು ದಿನಾ ಕೇಳ್ತೀನಿ ಅಂದ್ರು."

ದಿನಾ ಕೇಳಿದರು. ಐದು ವರ್ಷ, ಗೇಟಿನ ಹತ್ತಿರ, ಟವೆಲಿನಿಂದ ಮುಖ ಒರೆಸಿಕೊಂಡು, ನಾನು ಸುಲಭವಾಗಿ ಹತ್ತಿ ಬರಲಿ ಎಂದು ದಾರಿ ಓರೆ ಮಾಡಿಕೊಟ್ಟು ಕೇಳಿದರು. ನಾನು ನಲ್ಲಿ ಸೋರುತ್ತಿಲ್ಲ ಎಂದೆ.

ಇತ್ತು ಓನರ್ರೇ, ಹೇಳೋದು ಇತ್ತು.